ಎಂಜಿಬಿ ಕೊಳ್ಳುವ ಮುನ್ನ ಮೆಕ್ಯಾನಿಕ್‌ನನ್ನು ಹುಡುಕಿ

ಬ್ರಿಟನ್ನಿನಲ್ಲಿದ್ದು ಮೊದಲ ಹಳೆಯ ಸ್ಪೋರ್ಟ್ಸ್ ಕಾರಾಗಿ ಎಂಜಿಬಿ ಕೊಳ್ಳಬೇಕೆಂದಿರುವವರಿಗೆ: ಬಿಡಿಭಾಗಗಳ ಚಿಂತೆ ಬೇಡ. 1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಇಡೀ ಬಾಡಿ ಕೂಡ ಹೊಸದಾಗಿ ಸಿಗುತ್ತದೆ. ಸುಲಭವಾಗಿ ಸಿಗದಿರುವುದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಸರಿಹೊಂದಿಸಬಲ್ಲ ಪಳಗಿದ ಕೈ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಗ್ಯಾರೇಜಿಗೆ ಒಯ್ಯಬೇಡಿ. ಎಂಜಿ ಕಾರ್ ಕ್ಲಬ್‌ನ ಸ್ಥಳೀಯ ಸಭೆಗೆ ಹೋಗಿ ಹಿರಿಯ ಸದಸ್ಯರನ್ನು ಕೇಳಿ. ಅವರು ಮಾತಿಗಿಳಿದರೆ ಚಹಾ ಆರಿಹೋಗುವುದು ಗ್ಯಾರಂಟಿ, ಆದರೆ ಒಳ್ಳೆಯ ಮೆಕ್ಯಾನಿಕ್‌ನ ವಿಳಾಸ ಸಿಗುವುದೂ ಅಲ್ಲೇ.

ಹಣ ಎತ್ತಿಡಬೇಕಾದದ್ದು ಎಂಜಿನ್ನಿಗಿಂತ ಹೆಚ್ಚಾಗಿ ತುಕ್ಕಿಗೆ. ಬಾಗಿಲ ಕೆಳಗಿನ ಸಿಲ್‌ಗಳೇ ಈ ಕಾರಿನ ಬೆನ್ನೆಲುಬು. ತುಕ್ಕಿನ ಮೇಲೆ ಬಣ್ಣ ಬಳಿದು ಮಾರುವವರಿದ್ದಾರೆ. ವೆಲ್ಡಿಂಗ್ ಮಾಡಿಸುವಾಗ ಪ್ರತಿ ಹಂತದ ಫೋಟೊ ಕೇಳಿ ಪಡೆಯಿರಿ.

ಸಣ್ಣ ಕೆಲಸ ನೀವೇ ಮಾಡಬಹುದು: ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆ ಗ್ರೀಸ್, ಕಾರ್ಬ್ಯುರೇಟರ್ ಡ್ಯಾಂಪರ್‌ಗಳಿಗೆ ಎಣ್ಣೆ. ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ, ಇಂಚಿನ ಸೆಟ್ ಬೇಕು. 1967ಕ್ಕಿಂತ ಹಿಂದಿನ ಕಾರಾದರೆ ಬ್ಯಾಟರಿಯ ಪಾಸಿಟಿವ್ ತಂತಿಯೇ ಕಾರಿನ ಲೋಹಕ್ಕೆ ಅರ್ತ್ ಆಗಿರುತ್ತದೆ. ಹಿಂದಿನ ಮಾಲೀಕರು ಅದನ್ನು ಬದಲಿಸಿದ್ದಾರೆಯೇ ಎಂದು ನೋಡಿಕೊಳ್ಳದೆ ಹೊಸ ರೇಡಿಯೊ ಜೋಡಿಸಬೇಡಿ.