ಪಾಕಿಸ್ತಾನದ ಚುನಾವಣೆಯ ಲೆಕ್ಕ ಹಾಕುವುದು ಹೇಗೆ: ಎಡ ಪುಟ, ಬಲ ಪುಟ

2018ರಲ್ಲಿ ನನ್ನ ಲೆಕ್ಕ ಹೆಚ್ಚುಕಡಿಮೆ ಸರಿ ಬಂತು. 2024ರಲ್ಲಿ ಪೂರ್ತಿ ತಪ್ಪಿತು. ಎರಡು ಸಲವೂ ನಾನು ಲೆಕ್ಕ ಹಾಕಿದ ರೀತಿ ಒಂದೇ. ಎಲ್ಲಿ ಎಡವಿದೆ ಎಂದು ಆಮೇಲೆ ಕೂತು ನೋಡಿದಾಗ ಕೆಲವು ವಿಷಯ ಸ್ಪಷ್ಟವಾದವು. ಮುಂದಿನ ಸಲ ಲೆಕ್ಕ ಹಾಕಬೇಕು ಅನ್ನುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. ಶಾರ್ಜಾದ ಒಂದು ಸಾಗಣೆ ಕಂಪನಿಯಲ್ಲಿ ಹದಿನಾರು ವರ್ಷದಿಂದ ಟ್ರಕ್‌ಗಳ ಟ್ರಿಪ್ ಶೀಟ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಡ್ರೈವರ್‌ಗಳಲ್ಲಿ ಹೆಚ್ಚಿನವರು ಪಾಕಿಸ್ತಾನದವರು. ಸ್ವಾಬಿ, ಮರ್ದಾನ್ ಕಡೆಯ ಪಠಾಣರು ಜಾಸ್ತಿ. ಅವರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಲಾಲಾ ಅನ್ನುತ್ತೇವೆ. ಪಂಜಾಬಿನವರಲ್ಲಿ ಗುಜ್ರಾನ್‌ವಾಲಾದ ಒಬ್ಬರು ಎಲ್ಲರಿಗೂ ಚಾಚಾ. ಇಲ್ಲಿಂದ ವೋಟು ಹಾಕಲು ಅವರಿಗೆ ದಾರಿ ಇಲ್ಲ. ಹಾಗಾಗಿ ಚುನಾವಣೆ ಬಂದರೆ ರಾತ್ರಿಯೆಲ್ಲ ಊರಿಗೆ ಫೋನು, ಚಹಾ, ವಾದ. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ 2013ರಲ್ಲಿ ಶುರುವಾಯಿತು.

ಮೊದಲು ಮಾಡಬೇಕಾದ ಕೆಲಸ ಇದು. ನೋಟ್‌ಬುಕ್ಕಿನಲ್ಲಿ ಎದುರುಬದುರು ಎರಡು ಪುಟ ಬಿಡಿ. ಎಡ ಪುಟದಲ್ಲಿ ಜನ ಯಾರಿಗೆ ವೋಟು ಹಾಕುತ್ತಾರೆ ಎಂದು ಬರೆಯಿರಿ. ಬಲ ಪುಟದಲ್ಲಿ ಯಾರು ಸರ್ಕಾರ ಮಾಡುತ್ತಾರೆ ಎಂದು ಬರೆಯಿರಿ. ಇವು ಎರಡು ಬೇರೆ ಪ್ರಶ್ನೆ. 2024ರಲ್ಲಿ ನಾನು ಒಂದೇ ಪುಟ ಇಟ್ಟುಕೊಂಡಿದ್ದೆ. ನವಾಜ್ ಷರೀಫ್ ಲಂಡನ್ನಿನಿಂದ ವಾಪಸ್ ಬಂದಿದ್ದಾರೆ, ಇಮ್ರಾನ್ ಖಾನ್ ಜೈಲಿನಲ್ಲಿದ್ದಾರೆ, ಹಾಗಾದರೆ ನವಾಜ್ ಅವರ ಪಕ್ಷವಾದ ಪಿಎಂಎಲ್-ಎನ್‌ಗೆ 115 ಸೀಟು ಅಂತ ಬರೆದೆ. ಬಂದದ್ದು 75. ಇಮ್ರಾನ್ ಅವರ ಪಿಟಿಐ ಬೆಂಬಲದ ಪಕ್ಷೇತರರು ಸುಮಾರು 93 ಕಡೆ ಗೆದ್ದರು. ಆದರೂ ಮಾರ್ಚ್ 3ರಂದು ಸಂಸತ್ತಿನಲ್ಲಿ 201 ಮತ ಪಡೆದು ಪ್ರಧಾನಿಯಾದವರು ನವಾಜ್ ಅವರ ತಮ್ಮ ಶಹಬಾಜ್ ಷರೀಫ್. ಅಂದರೆ ಬಲ ಪುಟಕ್ಕೆ ಬರೆಯಬೇಕಾದ ಉತ್ತರವನ್ನು ನಾನು ಎಡ ಪುಟಕ್ಕೆ ಬರೆದಿದ್ದೆ.

ಆಮೇಲೆ ತಾರೀಖು. ಪಾಕಿಸ್ತಾನದಲ್ಲಿ ಇದನ್ನೂ ಲೆಕ್ಕ ಹಾಕಬೇಕು. ಸಂಸತ್ತು ಅವಧಿ ಮುಗಿಸಿದರೆ 60 ದಿನದೊಳಗೆ, ಮೊದಲೇ ವಿಸರ್ಜನೆಯಾದರೆ 90 ದಿನದೊಳಗೆ ಚುನಾವಣೆ ಆಗಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. 2023ರ ಆಗಸ್ಟ್ 9ರಂದು, ಅವಧಿಗೆ ಮೂರೇ ದಿನ ಬಾಕಿ ಇರುವಾಗ ವಿಸರ್ಜಿಸಿದರು. 90 ದಿನ ಸಿಕ್ಕಿತು. ಅದಕ್ಕೂ ಕೆಲವೇ ದಿನ ಮೊದಲು ಹೊಸ ಜನಗಣತಿಗೆ ಒಪ್ಪಿಗೆ ಕೊಟ್ಟಿದ್ದರು, ಹಾಗಾಗಿ ಕ್ಷೇತ್ರಗಳ ಗಡಿ ಮತ್ತೆ ಹಾಕಬೇಕಾಯಿತು. ಕೊನೆಗೆ ಮತದಾನ ಆದದ್ದು 2024ರ ಫೆಬ್ರವರಿ 8ಕ್ಕೆ. ಪಂಜಾಬ್ ವಿಧಾನಸಭೆಗೆ 2023ರ ಮೇ 14ರಂದು ಚುನಾವಣೆ ಮಾಡಿ ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಆ ದಿನ ಬಂತು, ಹೋಯಿತು, ಚುನಾವಣೆ ಆಗಲಿಲ್ಲ. ಹಾಗಾಗಿ ತಾರೀಖನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ.

ಇನ್ನು ಸೀಟಿನ ಗಣಿತ. ನ್ಯಾಷನಲ್ ಅಸೆಂಬ್ಲಿಯಲ್ಲಿ, ಅಂದರೆ ಸಂಸತ್ತಿನ ಕೆಳಮನೆಯಲ್ಲಿ, ಈಗ 336 ಸೀಟು. ಜನ ನೇರವಾಗಿ ಆರಿಸುವುದು 266. ಉಳಿದ 60 ಮಹಿಳೆಯರಿಗೆ, 10 ಅಲ್ಪಸಂಖ್ಯಾತರಿಗೆ ಮೀಸಲು. ಈ ಮೀಸಲು ಸೀಟುಗಳನ್ನು ಗೆದ್ದ ಸೀಟಿನ ಪ್ರಮಾಣದಲ್ಲಿ ಪಕ್ಷಗಳಿಗೆ ಹಂಚುತ್ತಾರೆ. ಬಹುಮತಕ್ಕೆ 169 ಬೇಕು. 266ರಲ್ಲಿ ಪಂಜಾಬಿಗೆ 141, ಸಿಂಧ್‌ಗೆ 61, ಖೈಬರ್ ಪಖ್ತೂಂಖ್ವಾಕ್ಕೆ 45, ಬಲೂಚಿಸ್ತಾನಕ್ಕೆ 16, ಇಸ್ಲಾಮಾಬಾದಿಗೆ 3. ಅರ್ಧಕ್ಕಿಂತ ಜಾಸ್ತಿ ಪಂಜಾಬಿನಲ್ಲೇ ಇದೆ. ನಿಮ್ಮ ಸಮಯವನ್ನೂ ಹಾಗೇ ಹಂಚಿಕೊಳ್ಳಿ.

ಪಂಜಾಬಿಗೆ ಹೋಗುವ ಮೊದಲು ಒಂದು ಕೆಲಸ ಇದೆ. ಮತದಾನಕ್ಕೆ ಆರು ತಿಂಗಳು ಇರುವಾಗಿಂದ ಕೋರ್ಟು ಮತ್ತು ಜೈಲಿನ ಸುದ್ದಿಗಳನ್ನು ತಾರೀಖಿನ ಸಮೇತ ಬರೆದಿಡಿ. 2018ರ ಪಟ್ಟಿ ಹೀಗಿತ್ತು: ಹಿಂದಿನ ಜುಲೈಯಲ್ಲಿ ನವಾಜ್ ಅನರ್ಹ. 2018ರ ಜುಲೈ 6ರಂದು ಅವರಿಗೆ ಹತ್ತು ವರ್ಷ ಶಿಕ್ಷೆ. 13ರಂದು ಲಾಹೋರಿನಲ್ಲಿ ವಿಮಾನ ಇಳಿದ ಕೂಡಲೇ ಮಗಳ ಜೊತೆ ಬಂಧನ. 25ಕ್ಕೆ ಮತದಾನ. 2024ರ ಪಟ್ಟಿ: ಜನವರಿ 13ರ ರಾತ್ರಿ ಪಿಟಿಐ ತನ್ನ ಚುನಾವಣಾ ಗುರುತಾದ ಬ್ಯಾಟ್ ಕಳೆದುಕೊಂಡಿತು. ಜನವರಿ 30, 31 ಮತ್ತು ಫೆಬ್ರವರಿ 3ರಂದು ಇಮ್ರಾನ್‌ಗೆ ಒಂದರ ಹಿಂದೆ ಒಂದು ಮೂರು ಶಿಕ್ಷೆ. 8ಕ್ಕೆ ಮತದಾನ. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟರೆ ಹೆಸರು ಬದಲಾಗಿದೆ ಅಷ್ಟೇ.

ಸೈನ್ಯ ಯಾರ ಕಡೆ ಇದೆ ಎಂದು ಯಾರೂ ಪತ್ರಿಕಾಗೋಷ್ಠಿ ಕರೆದು ಹೇಳುವುದಿಲ್ಲ. ನವಾಜ್ 2018ರಲ್ಲಿ ‘ಖಲಾಯಿ ಮಖ್ಲೂಕ್’ ಅಂದರು. ಆಕಾಶದಿಂದ ಬಂದ ಜೀವಿಗಳು ಎಂದು ಅರ್ಥ. ನಮ್ಮ ಡ್ರೈವರ್‌ಗಳು ಸುಮ್ನೆ ಬೆರಳು ಮೇಲೆ ತೋರಿಸುತ್ತಾರೆ. ನಾವು ಹೊರಗಿನವರು ಅದನ್ನು ಕೋರ್ಟಿನ ತೀರ್ಪು, ಪಕ್ಷ ಬಿಡುವವರ ಸಾಲು, ಯಾರಿಗೆ ಸಭೆ ಮಾಡಲು ಅನುಮತಿ ಸಿಗುತ್ತದೆ ಅನ್ನುವುದರಿಂದ ತಿಳಿಯಬೇಕು. ಈ ಪಟ್ಟಿ ಹೋಗಬೇಕಾದದ್ದು ಬಲ ಪುಟಕ್ಕೆ. ಎಡ ಪುಟಕ್ಕೆ ಇದು ಉಲ್ಟಾ ಕೆಲಸ ಮಾಡಬಹುದು. ಅದನ್ನು ಮುಂದೆ ಹೇಳುತ್ತೇನೆ.

ಈಗ ಪಂಜಾಬ್. ಪ್ರತಿ ಕ್ಷೇತ್ರಕ್ಕೂ ಹಿಂದಿನ ಮೂರು ಚುನಾವಣೆಯ ಫಲಿತಾಂಶ ಬರೆಯಿರಿ. ಆದರೆ ಕ್ಷೇತ್ರದ ಎನ್ಎ (ನ್ಯಾಷನಲ್ ಅಸೆಂಬ್ಲಿ) ನಂಬರ್ ನಂಬಬೇಡಿ. 2018ಕ್ಕೆ ಎಲ್ಲ ನಂಬರ್ ಬದಲಾಯಿತು. ಮೊದಲು ಎನ್ಎ-1 ಅಂದರೆ ಪೇಶಾವರ, ಆಮೇಲೆ ಚಿತ್ರಾಲ್. 2024ಕ್ಕೆ ಮತ್ತೆ ಬದಲಾಯಿತು. ತಹಸೀಲಿನ ಹೆಸರು ನೋಡಿ ಹೊಂದಿಸಿ. ನಾನು ಮೊದಲ ಸಲ ಹೀಗೆ ಮಾಡದೆ ಒಂದು ವಾರದ ಕೆಲಸ ವ್ಯರ್ಥ ಮಾಡಿಕೊಂಡಿದ್ದೆ.

ಆಮೇಲೆ ಅಭ್ಯರ್ಥಿ. ಅಲ್ಲಿ ‘ಎಲೆಕ್ಟೆಬಲ್’ ಅನ್ನುವ ಮಾತಿದೆ. ಯಾವ ಪಕ್ಷದಲ್ಲಿದ್ದರೂ ಗೆಲ್ಲುವ ಜಮೀನ್ದಾರ, ದರ್ಗಾದ ಪೀರ್, ಬಿರಾದರಿಯ ಮುಖಂಡ. ಬಿರಾದರಿ ಅಂದರೆ ನಮ್ಮ ಜಾತಿ-ಬಳಗ ಇದ್ದ ಹಾಗೆ. ಜಾಟ್, ಅರಾಯಿ, ರಾಜಪೂತ್, ಗುಜ್ಜರ್ ಎಂದು ಲೆಕ್ಕ ಹಾಕುತ್ತಾರೆ. ಚಾಚಾ ಒಂದು ಸಲ ನನಗೆ ವಿವರಿಸಿದ್ದರು: “ಪೊಲೀಸ್ ಠಾಣೆಯಲ್ಲಿ ನಮ್ಮ ಹುಡುಗ ಸಿಕ್ಕಿಕೊಂಡರೆ ರಾತ್ರಿ ಎದ್ದು ಬರುವವನು ಯಾರೋ, ಅವನಿಗೆ ವೋಟು.” ಇಂಥವರು ಯಾವ ಕಡೆ ಹರಿಯುತ್ತಾರೆ ಎಂದು ನೋಡುವುದು ಹಳೇ ವಿಧಾನ. 2018ರಲ್ಲಿ ದಕ್ಷಿಣ ಪಂಜಾಬಿನ ಇಂಥ ಒಂದು ಗುಂಪೇ ಮೇ ತಿಂಗಳಲ್ಲಿ ಪಿಟಿಐ ಸೇರಿತು. ನಾನು ಬ್ಯಾಟ್‌ಗೆ 110 ಬರೆದೆ, 116 ಬಂತು. ವಿಧಾನ ಸಿಕ್ಕಿತು ಅಂದುಕೊಂಡೆ.

ಪಕ್ಷ ಬದಲಿಸುವವರನ್ನು ಅಲ್ಲಿ ಲೋಟಾ ಎನ್ನುತ್ತಾರೆ. ನಮ್ಮ ನೀರು ಕುಡಿಯುವ ಲೋಟ ಅಲ್ಲ. ನಮ್ಮೂರ ಗಿಂಡಿಯಂಥ ಮೂತಿ ಇರುವ, ಸುಲಭವಾಗಿ ಉರುಳುವ ಪಾತ್ರೆ. 2022ರ ಏಪ್ರಿಲ್‌ನಲ್ಲಿ ಇಮ್ರಾನ್ ಸರ್ಕಾರ ಬಿತ್ತು. ಪಂಜಾಬಿನಲ್ಲಿ ಪಕ್ಷದ ವಿರುದ್ಧ ಮತ ಹಾಕಿದ ಪಿಟಿಐ ಶಾಸಕರು ಸ್ಥಾನ ಕಳೆದುಕೊಂಡರು. ಜುಲೈ 17ರಂದು 20 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅದೇ ಮಾಜಿ ಶಾಸಕರಲ್ಲಿ ಹೆಚ್ಚಿನವರು ಪಿಎಂಎಲ್-ಎನ್ ಟಿಕೆಟ್ಟಿನಲ್ಲಿ ನಿಂತರು. ದುಡ್ಡು, ಬಿರಾದರಿ, ಅಧಿಕಾರ ಎಲ್ಲ ಅವರ ಕಡೆ ಇತ್ತು. ಪಿಟಿಐ 15 ಗೆದ್ದಿತು.

ಈ ಅಂಕಿ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಕೆಳಗೆ ಗೆರೆ ಕೂಡ ಎಳೆದಿದ್ದೆ. ಆದರೂ ಹದಿನೆಂಟು ತಿಂಗಳ ನಂತರ ಹಳೇ ವಿಧಾನಕ್ಕೇ ಮರಳಿದೆ. ಇಮ್ರಾನ್ ಬಂಧನವಾದಾಗ ನಡೆದ 2023ರ ಮೇ 9ರ ಗಲಭೆಯ ನಂತರ ದಿನಕ್ಕೊಬ್ಬರು ಪತ್ರಿಕಾಗೋಷ್ಠಿ ಕರೆದು ಪಿಟಿಐ ಬಿಡುತ್ತಿದ್ದರಲ್ಲ, ಆ ಸಾಲು ನೋಡಿ ಪಕ್ಷ ಮುಗಿಯಿತು ಅಂದುಕೊಂಡೆ. ಉಪಚುನಾವಣೆಯಲ್ಲಿ ವೋಟು ಹಾಕಿದವರು ಜನ. ಪತ್ರಿಕಾಗೋಷ್ಠಿ ಮಾಡಿದವರು ನಾಯಕರು. ಎಡ ಪುಟಕ್ಕೆ ಮೊದಲನೆಯದೇ ಸಾಕ್ಷಿ. ಹಾಗಾಗಿ ಉಪಚುನಾವಣೆಗಳಿಗೆ ಒಂದು ಪ್ರತ್ಯೇಕ ಹಾಳೆ ಇಡಿ. ಗೆದ್ದವರ ಹೆಸರು ಮಾತ್ರ ಸಾಲದು, ಎಷ್ಟು ಜನ ವೋಟು ಹಾಕಿದರು ಅನ್ನುವುದನ್ನೂ ಬರೆಯಿರಿ.

ಇನ್ನೊಂದು ಸೂಚನೆ ನನ್ನ ಕಣ್ಣೆದುರೇ ಇತ್ತು. ಬ್ಯಾಟ್ ಹೋದ ಮೇಲೆ ಪಿಟಿಐನವರು ಪಕ್ಷೇತರರಾಗಿ ನಿಲ್ಲಬೇಕಾಯಿತು, ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಗುರುತು ಸಿಕ್ಕಿತು. ಬದನೆಕಾಯಿ, ಬಾಟಲಿ, ಮಂಚ ಹೀಗೆ. ಲಾಲಾ ಅವರ ತಾಯಿಗೆ ಓದಲು ಬರುವುದಿಲ್ಲ. ಆ ಜನವರಿಯಲ್ಲಿ ಲಾಲಾ ದಿನಾ ರಾತ್ರಿ ಊಟದ ಮೊದಲು ಊರಿಗೆ ಫೋನ್ ಮಾಡಿ, “ಅಮ್ಮಾ, ಗುರುತು ಯಾವುದು ಹೇಳು” ಎಂದು ಕೇಳುತ್ತಿದ್ದರು. ಮೊಮ್ಮಗಳು ಅದನ್ನು ಕಾಗದದಲ್ಲಿ ಬಿಡಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳಂತೆ. ಪಕ್ಷದ ಕಾರ್ಯಕರ್ತರು ಬಚ್ಚಿಟ್ಟುಕೊಂಡಿರುವಾಗ ಮನೆಯವರೇ ಆ ಕೆಲಸ ಮಾಡುತ್ತಿದ್ದರು. ಇದು ಯಾವ ಟಿವಿ ಚರ್ಚೆಗಿಂತ ದೊಡ್ಡ ಸುದ್ದಿ. ನಾನು ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದೆ, ಬರೆದುಕೊಳ್ಳಲಿಲ್ಲ. ಇಂಥ ಕಡೆ ಜೈಲು, ಶಿಕ್ಷೆಗಳ ಪಟ್ಟಿ ಎಡ ಪುಟಕ್ಕೆ ಉಲ್ಟಾ ಹೊಡೆಯುತ್ತದೆ. ಜನರನ್ನು ಮನೆಯಲ್ಲಿ ಕೂರಿಸುವ ಬದಲು ಬೂತಿಗೆ ಕರೆತರುತ್ತದೆ.

ಪಂಜಾಬಿನಲ್ಲಿ ಇನ್ನೊಂದು ನೋಡಬೇಕು: ಗೆಲ್ಲದ ಪಕ್ಷ ಯಾರ ವೋಟು ತಿನ್ನುತ್ತದೆ? 2018ರಲ್ಲಿ ಧಾರ್ಮಿಕ ಪಕ್ಷವಾದ ಟಿಎಲ್‌ಪಿಗೆ ದೇಶದಲ್ಲಿ 20 ಲಕ್ಷಕ್ಕೂ ಜಾಸ್ತಿ ವೋಟು ಬಂತು. ನ್ಯಾಷನಲ್ ಅಸೆಂಬ್ಲಿಯಲ್ಲಿ ಒಂದು ಸೀಟೂ ಇಲ್ಲ. ಹಿಂದಿನ ಸಲ ಗೆಲುವಿನ ಅಂತರ ಹತ್ತು ಸಾವಿರಕ್ಕಿಂತ ಕಡಿಮೆ ಇದ್ದ ಕ್ಷೇತ್ರಗಳಿಗೆ ಕೆಂಪು ಚುಕ್ಕೆ ಇಡಿ, ಅಲ್ಲಿ ಇಂಥ ವೋಟು ಫಲಿತಾಂಶ ತಿರುಗಿಸಬಹುದು.

ಉಳಿದ ಪ್ರಾಂತಗಳು ಬೇಗ ಮುಗಿಯುತ್ತವೆ. ಸಿಂಧ್‌ನ ಹಳ್ಳಿಗಳು ಭುಟ್ಟೋ ಮನೆತನದ ಪಕ್ಷ ಪಿಪಿಪಿಯವು. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಕರಾಚಿ ಮಾತ್ರ ಬೇರೆ. 2018ರಲ್ಲಿ ಅಲ್ಲಿನ 21 ಸೀಟಿನಲ್ಲಿ 14 ಪಿಟಿಐಗೆ ಹೋದವು. 2024ರಲ್ಲಿ 22ರಲ್ಲಿ 15 ಉರ್ದು ಭಾಷಿಕರ ಪಕ್ಷವಾದ ಎಂಕ್ಯೂಎಂಗೆ, 7 ಪಿಪಿಪಿಗೆ. ಖೈಬರ್ ಪಖ್ತೂಂಖ್ವಾದ ಜನ ಯಾರಿಗೂ ಎರಡನೇ ಅವಕಾಶ ಕೊಡುವುದಿಲ್ಲ ಎನ್ನುತ್ತಿದ್ದರು. 2002ರಲ್ಲಿ ಧಾರ್ಮಿಕ ಪಕ್ಷಗಳ ಕೂಟ ಎಂಎಂಎ, 2008ರಲ್ಲಿ ಪಠಾಣರ ಪಕ್ಷ ಎಎನ್‌ಪಿ, 2013ರಲ್ಲಿ ಪಿಟಿಐ. ಆದರೆ 2018 ಮತ್ತು 2024ರಲ್ಲೂ ಪಿಟಿಐ ಬಂದು ಆ ಮಾತು ಸುಳ್ಳಾಯಿತು. ಬಲೂಚಿಸ್ತಾನದಲ್ಲಿ ವೋಟಿನ ಲೆಕ್ಕಕ್ಕಿಂತ ಸರದಾರರ, ಅಂದರೆ ಬುಡಕಟ್ಟಿನ ಮುಖಂಡರ ಲೆಕ್ಕ ದೊಡ್ಡದು. 2018ರ ಮಾರ್ಚಿನಲ್ಲಿ ಹುಟ್ಟಿದ ಬಿಎಪಿ ಅನ್ನುವ ಪಕ್ಷ ಜುಲೈಯಲ್ಲಿ ಆ ಪ್ರಾಂತದ ಅತಿ ದೊಡ್ಡ ಪಕ್ಷವಾಗಿತ್ತು. ನಾಲ್ಕೇ ತಿಂಗಳು!

ಸಮೀಕ್ಷೆಗಳನ್ನು ಓದಿ, ಆದರೆ ಮೊದಲ ಸಾಲು ಬಿಟ್ಟು ಓದಿ. ‘ಹೇಳಲು ಇಷ್ಟವಿಲ್ಲ’ ಅಂದವರು ಎಷ್ಟು ಎಂದು ಹುಡುಕಿ. ಅಪರಿಚಿತರು ಫೋನ್ ಮಾಡಿ ಯಾರಿಗೆ ವೋಟು ಎಂದರೆ, ಪಕ್ಕದ ಮನೆಯವನು ಜೈಲಿನಲ್ಲಿರುವಾಗ ಯಾರು ನಿಜ ಹೇಳುತ್ತಾರೆ? ವಯಸ್ಸಿನ ಅಂಕಿಯನ್ನೂ ನೋಡಿ. 2024ರ ಮತದಾರರ ಪಟ್ಟಿಯಲ್ಲಿ ಸುಮಾರು 12.8 ಕೋಟಿ ಜನರಿದ್ದರು. ನೂರಕ್ಕೆ 44ರಷ್ಟು ಮಂದಿ 35ರ ಒಳಗಿನವರು. ಅವರಿಗೆ ಪೀರ್ ಯಾರು, ಚೌಧರಿ ಯಾರು ಅನ್ನುವುದಕ್ಕಿಂತ ಫೋನಿನಲ್ಲಿ ನೋಡುವುದು ಮುಖ್ಯ.

ಮತದಾನದ ದಿನ ಬಂದಾಗ ಎರಡು ಫಾರ್ಮ್‌ಗಳ ವ್ಯತ್ಯಾಸ ಗೊತ್ತಿರಲಿ. ಫಾರ್ಮ್ 45 ಅಂದರೆ ಒಂದೊಂದು ಮತಗಟ್ಟೆಯ ಎಣಿಕೆ. ಅಭ್ಯರ್ಥಿಗಳ ಏಜೆಂಟರ ಕೈಗೂ ಅದರ ಪ್ರತಿ ಕೊಡಬೇಕು. ಫಾರ್ಮ್ 47 ಅಂದರೆ ಇಡೀ ಕ್ಷೇತ್ರದ್ದನ್ನು ಕೂಡಿಸಿ ಚುನಾವಣಾಧಿಕಾರಿ ಕೊಡುವ ತಾತ್ಕಾಲಿಕ ಫಲಿತಾಂಶ. ಕಾನೂನಿನ ಪ್ರಕಾರ ರಾತ್ರಿ 2 ಗಂಟೆಯೊಳಗೆ ಅದು ಹೊರಬರಬೇಕು. 2024ರ ಫೆಬ್ರವರಿ 8ರಂದು ದೇಶದಲ್ಲಿ ಮೊಬೈಲ್ ಬಂದ್ ಮಾಡಿದ್ದರು. ಲಾಲಾ ಬೆಳಿಗ್ಗೆಯಿಂದ ಫೋನ್ ಒತ್ತುತ್ತಲೇ ಇದ್ದರು, ತಾಯಿ ಬೂತಿಗೆ ಹೋದರೋ ಇಲ್ಲವೋ ಗೊತ್ತಾಗಲಿಲ್ಲ. ರಾತ್ರಿ ಟಿವಿಯಲ್ಲಿ ಪಕ್ಷೇತರರು ಮುಂದಿದ್ದರು. ಆಮೇಲೆ ಫಲಿತಾಂಶ ಬರುವುದೇ ನಿಧಾನವಾಯಿತು. ರಾತ್ರಿ ಮುಂದಿದ್ದ ಕೆಲವರು ಮರುದಿನ ಸೋತಿದ್ದರು. ನಮ್ಮ 45ಕ್ಕೂ ನಿಮ್ಮ 47ಕ್ಕೂ ತಾಳೆಯಾಗುವುದಿಲ್ಲ ಎಂದು ಪಿಟಿಐ ಹೇಳಿತು, ಆಯೋಗ ಒಪ್ಪಲಿಲ್ಲ. ಚಾಚಾ ಅವರು ಪಿಎಂಎಲ್-ಎನ್‌ನವರು, ಆದರೆ ಆ ದಿನ ಅವರೂ ಸುಮ್ಮನಿದ್ದರು. ಯಾವ ಕ್ಷೇತ್ರದ ಫಲಿತಾಂಶ ಎಷ್ಟು ಹೊತ್ತಿಗೆ ಬಂತು ಎಂದು ಬರೆದುಕೊಳ್ಳಿ. ತಿರಸ್ಕೃತ ಮತ ಗೆಲುವಿನ ಅಂತರಕ್ಕಿಂತ ಜಾಸ್ತಿ ಇದ್ದರೆ ಅದಕ್ಕೂ ಗುರುತು ಹಾಕಿ.

ಬಲ ಪುಟವನ್ನು ಅಷ್ಟಕ್ಕೇ ಮುಚ್ಚಬೇಡಿ. ಗೆದ್ದ ಪಕ್ಷೇತರರಿಗೆ ಪಕ್ಷ ಸೇರಲು ಮೂರು ದಿನ ಇರುತ್ತದೆ. 2024ರಲ್ಲಿ ಪಿಟಿಐನವರು ಸುನ್ನಿ ಇತ್ತೆಹಾದ್ ಕೌನ್ಸಿಲ್ ಸೇರಿದರು, ಆದರೆ ಮೀಸಲು ಸೀಟು ಸಿಗಲಿಲ್ಲ. ಆ ವರ್ಷದ ಜುಲೈ 12ರಂದು ಸುಪ್ರೀಂ ಕೋರ್ಟ್ ಪಿಟಿಐಗೆ ಕೊಡಿ ಎಂದಿತು. 2025ರ ಜೂನ್ 27ರಂದು ಕೋರ್ಟಿನ ಸಾಂವಿಧಾನಿಕ ಪೀಠ ಆ ತೀರ್ಪನ್ನೇ ರದ್ದು ಮಾಡಿತು. ನಾನು ಆ ಪುಟಕ್ಕೆ ಕೊನೆಯ ಸಾಲು ಬರೆದದ್ದು ಮತದಾನವಾಗಿ ಹದಿನಾರು ತಿಂಗಳ ಮೇಲೆ.

ಈಗಿನ ಅಸೆಂಬ್ಲಿ ಮೊದಲು ಸೇರಿದ್ದು 2024ರ ಫೆಬ್ರವರಿ 29ಕ್ಕೆ. ಐದು ವರ್ಷ ಪೂರ್ತಿ ನಡೆದರೆ 2029ರ ಫೆಬ್ರವರಿ ಕೊನೆಗೆ ಅವಧಿ ಮುಗಿಯುತ್ತದೆ. ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ, ಉಪಚುನಾವಣೆಯ ಹಾಳೆ ಶುರುವಾಗಿದೆ. ಲಾಲಾ ಹೋದ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ನಂಬರ್ ನನ್ನ ಹತ್ತಿರ ಇದೆ. ಚುನಾವಣೆ ಹತ್ತಿರ ಬಂದಾಗ ಫೋನ್ ಮಾಡಿ, ಅಡುಗೆಮನೆಯ ಗೋಡೆಯ ಮೇಲೆ ಏನು ಅಂಟಿಸಿದ್ದಾರೆ ಎಂದು ಮೊದಲು ಕೇಳುತ್ತೇನೆ. ಎಡ ಪುಟದಲ್ಲಿ ಅದಕ್ಕೊಂದು ಸಾಲು ಬಿಟ್ಟಿದ್ದೇನೆ.