ಇಂಗ್ಲೆಂಡಲ್ಲಿ ಕಿಟಕಿ ಕ್ಲೀನಿಂಗ್: ಹೊಸದಾಗಿ ಬರೋ ನಮ್ಮೂರೋರಿಗೆ

ಹಬ್ಬಕ್ಕೆ ಅಂತ ಮಂಡ್ಯಕ್ಕೆ ಬಂದಿದ್ದೀನಿ. ಮೊನ್ನೆ ಮಹಾವೀರ ಸರ್ಕಲ್ ಹತ್ರ ಕಾಫಿ ಕುಡೀತಿದ್ದಾಗ ನಮ್ ಕಡೆ ಹುಡುಗ ಒಬ್ಬ ಸಿಕ್ಕಿದ, ಅವನ ಹೆಂಡ್ತಿಗೆ ಇಂಗ್ಲೆಂಡಲ್ಲಿ ನರ್ಸ್ ಕೆಲ್ಸ ಆಗಿದೆ, ಇವನು ಡಿಪೆಂಡೆಂಟ್ ವೀಸಾದಲ್ಲಿ ಹೋಗ್ತಾವ್ನೆ, "ಅಣ್ಣ ನಿಮ್ ಥರ ನಾನೂ ಕಿಟಕಿ ಕೆಲ್ಸ ಶುರು ಮಾಡ್ಬೋದಾ, ಒಂದು ಮನೆಗೆ ಎಷ್ಟು ತಗೊಳ್ಳೋದು" ಅಂದ. ಅವನಿಗೆ ಹೇಳಿದ್ದನ್ನೇ ಎಲ್ರಿಗೂ ಬರೀತಿದ್ದೀನಿ.

ಮೊದ್ಲು ವೀಸಾ. ಸ್ಟೂಡೆಂಟ್ ವೀಸಾದವರು ಸ್ವಂತ ಬಿಸಿನೆಸ್ ಮಾಡೋ ಹಾಗಿಲ್ಲ, ಒಂದೇ ಮನೆ ಆದ್ರೂ ಬೇಡ ಕಣ್ರಪ್ಪ, ಅಷ್ಟು ಸಾಲ ಮಾಡಿ ಹೋಗಿರ್ತೀರ. ನರ್ಸ್‌ಗಳ ಡಿಪೆಂಡೆಂಟ್‌ಗೆ, ಅಲ್ಲಿ ಓದು ಮುಗಿಸಿದ ಮೇಲೆ ಸಿಗೋ ಗ್ರಾಜುಯೇಟ್ ವೀಸಾದವರಿಗೆ ಮಾಡ್ಬೋದು.

ಇನ್ನು ರೇಟು. ಹೊಸಬರು ಎಲ್ರೂ ಮಾಡೋ ತಪ್ಪು ಅಂದ್ರೆ ಪೌಂಡನ್ನ ರೂಪಾಯಿಗೆ ಗುಣಿಸೋದು, ನಾನೂ ಅದನ್ನೇ ಮಾಡ್ದೆ, 5 ಪೌಂಡ್ ಅಂದ್ರೆ ಐನೂರು ರೂಪಾಯಿ ಮೇಲಾಯ್ತಲ್ಲ ಅಂತ ಒಂದು ದೊಡ್ಡ ಮನೆಗೆ ಐದೇ ಪೌಂಡ್ ಹೇಳ್ಬಿಟ್ಟೆ, ಹಿಂದ್ಗಡೆ ಕನ್ಸರ್ವೇಟರಿ, ಅಂದ್ರೆ ಪೂರ್ತಿ ಗಾಜಿನ ಕೋಣೆ ಇದೆ ಅಂತ ನೋಡೇ ಇರ್ಲಿಲ್ಲ, ಒಂದೂವರೆ ಗಂಟೆ ಹಿಡೀತು, ಆಮೇಲೆ ಅಕ್ಕಪಕ್ಕದೋರೂ ಅದೇ ರೇಟ್ ಕೇಳೋಕೆ ಶುರು ಮಾಡಿದ್ರು. ಖರ್ಚು ಪೌಂಡಲ್ಲೇ ಆಗುತ್ತೆ, ಲೆಕ್ಕಾನೂ ಪೌಂಡಲ್ಲೇ ಹಾಕಿ. ಡೀಸೆಲ್, ಇನ್ಶೂರೆನ್ಸ್, ತೆರಿಗೆ ಎಲ್ಲ ಸೇರಿಸಿ ಗಂಟೆಗೆ 30 ಪೌಂಡ್ ಬರ್ಬೇಕು ಅಂದ್ಕೊಳ್ಳಿ, 20 ನಿಮಿಷದ ಮನೆಗೆ 10 ಪೌಂಡ್ ಆಯ್ತು. ಆದ್ರೆ ಮುಂದಿನ ಮನೆಗೆ ಹೋಗೋಕೇ 20 ನಿಮಿಷ ಗಾಡಿ ಓಡಿಸಿದ್ರೆ ಆ ಗಂಟೆಗೆ ಸಿಗೋದು 15 ಅಷ್ಟೇ. ಅದಕ್ಕೇ ಒಂದೇ ಬೀದೀಲಿ ಹತ್ತು ಮನೆ ಹಿಡೀಬೇಕು, ಊರೆಲ್ಲ ಚದುರಿದ ಮೂವತ್ತು ಮನೆ ಬೇಡ.

ನಮ್ ಮೈಸೂರು ಕಡೆ ವರ್ತನೆ ಹಾಲು ಹಾಕ್ತಾರಲ್ಲ, ಅದೇ ಲೆಕ್ಕ. ದಿನಾ ಹೊಸ ಗಿರಾಕಿ ಹುಡುಕೋದಲ್ಲ, ಅದೇ ಬೀದಿ, ಅದೇ ಮನೆಗಳು, ನಾಲ್ಕು ಅಥವಾ ಎಂಟು ವಾರಕ್ಕೊಂದ್ಸಲ. ಮೊದಲ್ನೇ ಸಲಕ್ಕೆ ಕೊಳೆ ಜಾಸ್ತಿ, ನಾನು ಡಬಲ್ ತಗೋತೀನಿ, ಬಾಗ್ಲಲ್ಲೇ ಹೇಳ್ಬಿಡಿ, ಆಮೇಲೆ ಹೇಳಿದ್ರೆ ಮುಖ ಕೆಡುತ್ತೆ.

ನೀರಿನ ವಿಷ್ಯ ನಮ್ಮೋರಿಗೆ ಬೇಗ ಅರ್ಥ ಆಗುತ್ತೆ. ಬೋರ್‌ವೆಲ್ ನೀರು ಒಣಗಿದ್ರೆ ನಲ್ಲಿ ಮೇಲೆ, ಕನ್ನಡಿ ಮೇಲೆ ಬಿಳೀ ಕಲೆ ಕೂರುತ್ತಲ್ಲ, ಇಂಗ್ಲೆಂಡಿನ ಆಗ್ನೇಯ ಭಾಗದ ನಲ್ಲಿ ನೀರೂ ಹಾಗೇ ಗಡಸು. ಆರ್‌ಓ ಫಿಲ್ಟರ್, ಅದಾದ್ಮೇಲೆ ಉಳಿದ ಲವಣ ಹೀರೋ ಡಿಐ ರೆಸಿನ್ ಹಾಕಿ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಸೊನ್ನೆಗೆ ಇಳಿಸಿದ್ರೆ ಒರೆಸೋದೇ ಬೇಡ, ತಾನಾಗೇ ಕಲೆ ಇಲ್ದೆ ಒಣಗುತ್ತೆ. ಆ ನೀರನ್ನ ಉದ್ದ ಪೋಲ್ ತುದೀಲಿರೋ ಬ್ರಷ್ಷಿಗೆ ಪಂಪ್ ಮಾಡಿ ನೆಲದ ಮೇಲೆ ನಿಂತೇ ಮಹಡಿ ಕಿಟಕಿ ತೊಳೀಬೋದು. ಅಲ್ಲಿನ 2005ರ ವರ್ಕ್ ಅಟ್ ಹೈಟ್ ನಿಯಮದಲ್ಲೂ ಎತ್ತರ ಹತ್ತದೆ ಆಗೋ ಕೆಲ್ಸಕ್ಕೆ ಹತ್ಬೇಡಿ ಅಂತಾನೇ ಇದೆ, ಏಣಿ ಆಸೆ ಬಿಡಿ. ವ್ಯಾನಲ್ಲಿ 400 ಲೀಟರ್ ಟ್ಯಾಂಕ್ ಅಂದ್ರೆ 400 ಕೆಜಿ ನೀರು, ಗಾಡಿ ತಡ್ಕೊಳ್ಳುತ್ತಾ ನೋಡಿ, ಟ್ಯಾಂಕ್ ಗಟ್ಟಿಯಾಗಿ ಬಿಗೀರಿ. ನಮ್ ಇಂಡಿಯಾ ಡ್ರೈವಿಂಗ್ ಲೈಸೆನ್ಸ್ ಅಲ್ಲಿ 12 ತಿಂಗಳು ಮಾತ್ರ ನಡೆಯುತ್ತೆ.

ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ (ನಮ್ ಕೆಲ್ಸದಿಂದ ಬೇರೆಯೋರಿಗೆ ಹಾನಿ ಆದ್ರೆ ಕಟ್ಟಿಕೊಡೋ ವಿಮೆ) ಇಲ್ದೆ ಒಂದು ಗಾಜೂ ಮುಟ್ಬೇಡಿ. ತೆರಿಗೆ ವರ್ಷದಲ್ಲಿ ದುಡಿಮೆ 1,000 ಪೌಂಡ್ ದಾಟಿದ್ರೆ ಆ ವರ್ಷ ಮುಗಿದ ಮೇಲೆ ಬರೋ ಅಕ್ಟೋಬರ್ 5ರೊಳಗೆ ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ರಿಜಿಸ್ಟರ್ ಆಗ್ಬೇಕು.

ಬೆಳೆಸೋದು ಅಂದ್ರೆ ಬಾಗ್ಲು ತಟ್ಟೋದೇ. ಒಂದು ಮನೆ ತೊಳೀತಿರೋವಾಗ್ಲೇ ಎದುರು ಮನೇಲಿ ಕೇಳಿ, ಕೆಲ್ಸ ಕಣ್ಣಿಗೆ ಕಾಣ್ತಿರುತ್ತೆ. ಹೇಳಿದ ವಾರ ತಪ್ಪಿಸ್ಬೇಡಿ, ಮಳೆ ಬಂದ್ರೂ ಹೋಗಿ, ಶುದ್ಧ ನೀರಿನ ಕೆಲ್ಸ ಮಳೇಗೆ ಕೆಡಲ್ಲ. ವರ್ತನೆ ಮನೆಗಳು ಸಾಕಷ್ಟು ತುಂಬಿದ ಮೇಲೆ ದೂರದ, ಕಮ್ಮಿ ರೇಟಿನ ಮನೆಗಳಿಗೆ ಒಂದ್ ತಿಂಗ್ಳು ಮುಂಚೆ ಹೇಳಿ ರೇಟ್ ಏರಿಸಿ, ಒಪ್ಪದೇ ಇದ್ರೆ ಬಿಟ್ಕೊಡಿ.

ಆ ಹುಡುಗಂಗೆ ಭಾನುವಾರ ಮನೆಗೆ ಬಾ ಅಂದಿದ್ದೀನಿ, ಬಿದಿರು ಕೋಲಿಗೆ ಬ್ರಷ್ ಕಟ್ಟಿ ನಮ್ಮ ಮಹಡಿ ಕಿಟಕಿ ಮೇಲೇ ಕೈ ಹೇಗೆ ಆಡಿಸ್ಬೇಕು ಅಂತ ತೋರಿಸ್ತೀನಿ.