ಹನ್ನೆರಡೂವರೆ ಇಂಚಿನ ಲೆಕ್ಕ: ಕ್ವಿಲ್ಟ್ ಬ್ಲಾಕ್ ಹೊಲಿದು ಅಂಚೆಗೆ ಹಾಕುವುದು

ಬಟ್ಟೆಯ ಚೌಕಗಳನ್ನು ಜೋಡಿಸಿ ಮಾಡುವ ಹೊದಿಕೆ ಕ್ವಿಲ್ಟ್, ಅದರ ಒಂದೊಂದು ಚೌಕ ಬ್ಲಾಕ್. ಇನ್ನೊಬ್ಬರ ಕ್ವಿಲ್ಟಿಗೆ ಬ್ಲಾಕ್ ಹೊಲಿಯುವಾಗ ಅಂದಕ್ಕಿಂತ ಮೊದಲು ಅಳತೆ. ಅವರು 12 ಇಂಚು ಎಂದರೆ ಕ್ವಿಲ್ಟಿನಲ್ಲಿ ಕಾಣುವ ಅಳತೆಯೋ, ಕೈಗೆ ಸಿಗುವ ಅಳತೆಯೋ ಎಂದು ಕೇಳಿಯೇ ಕತ್ತರಿ ಹಿಡಿಯುತ್ತೇನೆ. ಕಾಣುವುದು 12 ಆದರೆ ಕಳುಹಿಸುವುದು 12½. ಸುತ್ತಲೂ ಕಾಲಿಂಚು ಹೊಲಿಗೆಗೆ.

ನಾನು ಹೆಚ್ಚಾಗಿ ಹೊಲಿಯುವುದು ಫ್ರೆಂಡ್‌ಶಿಪ್ ಸ್ಟಾರ್ ಎಂಬ ನಕ್ಷತ್ರದ ವಿನ್ಯಾಸ. ಸಾಲಿಗೆ ಮೂರರಂತೆ ಒಟ್ಟು ಒಂಬತ್ತು ಮನೆ. ನಡುವಿಗೆ ನಕ್ಷತ್ರದ ಬಟ್ಟೆಯ 4½ ಇಂಚಿನ ಚೌಕ ಒಂದು, ಮೂಲೆಗಳಿಗೆ ಹಿನ್ನೆಲೆಯ ಬಟ್ಟೆಯವು ನಾಲ್ಕು. ಉಳಿದ ನಾಲ್ಕು ಮನೆ ಎರಡು ತ್ರಿಕೋನ ಕೂಡಿದವು. ಅವಕ್ಕೆ ಎರಡೂ ಬಟ್ಟೆಯಲ್ಲಿ ಎರಡೆರಡು ಚೌಕ ಬೇಕು. ಲೆಕ್ಕಕ್ಕೆ 4⅞ ಸಾಕು, ಆದರೆ 5 ಇಂಚು ಕತ್ತರಿಸಿ ಆಮೇಲೆ ಸವರುವುದೇ ವಾಸಿ. ಎರಡು ಬಟ್ಟೆಯ ಒಂದೊಂದು ಚೌಕವನ್ನು ಮುಖಕ್ಕೆ ಮುಖ ಇಟ್ಟು, ಕರ್ಣದ ಗೆರೆಯ ಎರಡೂ ಬದಿಗೆ ಕಾಲಿಂಚು ದೂರದಲ್ಲಿ ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಒಂದು ಜೋಡಿಗೆ ಎರಡು ಸಿಗುತ್ತವೆ. ರೂಲರಿನ 45 ಡಿಗ್ರಿ ಗೆರೆಯನ್ನು ಹೊಲಿಗೆಯ ಮೇಲೆ ಕೂರಿಸಿ 4½ಕ್ಕೆ ಸವರಬೇಕು. ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡಿದರೆ ಓರೆ ಎಳೆ ಹಿಗ್ಗಿ ಚೌಕ ಸೊಟ್ಟಗಾಗುತ್ತದೆ. ಎತ್ತಿ ಇಟ್ಟು ಒತ್ತಿದರೆ ಸಾಕು. ಜೋಡಿಸುವ ಮುಂಚೆ ಒಂಬತ್ತನ್ನೂ ಹರಡಿ ನೋಡಿ. ಒಂದು ತ್ರಿಕೋನ ತಿರುಗಿದರೂ ನಕ್ಷತ್ರ ಕುಂಟುತ್ತದೆ.

ಬ್ಲಾಕ್ 12¼ಕ್ಕೆ ನಿಂತರೆ ತಪ್ಪು ಕತ್ತರಿಯದಲ್ಲ, ಹೊಲಿಗೆಯದು. ಹೊಲಿಗೆ ಒಂದಿಂಚಿನ ಹದಿನಾರನೇ ಒಂದು ಭಾಗ ಒಳಗೆ ಸರಿದರೆ ಎರಡೂ ಬದಿಯ ಬಟ್ಟೆ ಕಡಿಮೆಯಾಗಿ, ಸಾಲಿನ ಎರಡು ಹೊಲಿಗೆಗೆ ಕಾಲಿಂಚು ಹೋಯಿತು. ಹೊಲಿಗೆಯ ಬಳಿ ಬಟ್ಟೆ ಮಗುಚುವ ಮಡಿಕೆಯೂ ಒಂದಿಷ್ಟು ನುಂಗುವುದರಿಂದ ಕಾಲಿಂಚಿಗಿಂತ ಒಂದೆಳೆ ಕಡಿಮೆ ಇಟ್ಟು ಹೊಲಿಯುತ್ತೇನೆ. 1½ ಇಂಚಿನ ಮೂರು ಪಟ್ಟಿ ಜೋಡಿಸಿ ನೋಡಿ: ನಡುವಿನದು ಸರಿಯಾಗಿ 1 ಇಂಚು ಕಾಣಬೇಕು. ಚಿಕ್ಕದಾದ ಬ್ಲಾಕನ್ನು ಎಳೆದು ಇಸ್ತ್ರಿ ಮಾಡಿ ಕಳುಹಿಸಬೇಡಿ. ತೊಳೆದ ದಿನ ಮತ್ತೆ ಕುಗ್ಗಿ ಗುಟ್ಟು ಬಯಲಾಗುತ್ತದೆ. ಬಿಚ್ಚಿ ಹೊಲಿಯಿರಿ.

ಕರ್ಣದ ಗೆರೆ ಎಳೆಯಲು ಪೆನ್ಸಿಲ್ಲೇ ಸಾಕು. ಶಾಖಕ್ಕೆ ಮಾಯವಾಗುವ ಪೆನ್ನಿನ ಗೆರೆ ಕಡು ಚಳಿಯಲ್ಲಿ ಮತ್ತೆ ಮೂಡಬಹುದು. ಕಡುಗೆಂಪು ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ, ಬಣ್ಣ ಬಿಟ್ಟರೆ ಬದಲಿಸಿ.

ಹಬೆ ಹಾಯಿಸಿದ ಬ್ಲಾಕ್ ಪೂರ್ತಿ ಆರಿದ ಮೇಲೆಯೇ ಜಿಪ್ ಚೀಲಕ್ಕೆ. ತೇವ ಉಳಿದರೆ ಬೂಷ್ಟು. ಮುಖ ಒಳಗಾಗಿ ಒಂದೇ ಮಡಿಕೆ, ಗುಂಡುಸೂಜಿ ಬೇಡವೇ ಬೇಡ. ಚೀಲದ ಬೆನ್ನಿಗೆ ಗಟ್ಟಿ ರಟ್ಟು, ಆಮೇಲೆ ಲಕೋಟೆ. ಒಳಗೊಂದು ಚೀಟಿ: ಶುದ್ಧ ಹತ್ತಿಯೇ, ಮೊದಲೇ ತೊಳೆದದ್ದೇ. ತೊಳೆಯದ ಬಟ್ಟೆ ಕುಗ್ಗುವುದನ್ನು ಅವರು ಲೆಕ್ಕಕ್ಕೆ ಹಿಡಿಯಬೇಕಲ್ಲ. ನಕ್ಷತ್ರದ ಬಟ್ಟೆಯ ಅಂಗೈಯಗಲದ ತುಂಡೊಂದನ್ನೂ ಇಡುತ್ತೇನೆ, ಹರಿದರೆ ತೇಪೆಗೆ.